ಆಚೆ ದಡವಿದ್ದ ಸಮುದ್ರ

ಫೋಟೋ ಕೆಲಸಕ್ಕೆ ಹೊಸದಾಗಿ ಇಳಿಯುವವರು ಈಗಲೂ ಆಗಾಗ ನನ್ನನ್ನು ಹುಡುಕಿಕೊಂಡು ಗಾಳಿಬೀಡಿನ ಮನೆಗೆ ಬರುತ್ತಾರೆ. ಯಾವ ಕ್ಯಾಮೆರಾ ಒಳ್ಳೆಯದು, ಯಾವ ಫಿಲ್ಮು ಮಳೆಗಾಲಕ್ಕೆ ತಡೆಯುತ್ತದೆ, ಬೆಳಕನ್ನು ಯಾವ ಕಡೆಯಿಂದ ಬಿಡಬೇಕು ಎಂದೆಲ್ಲ ಕೇಳುತ್ತಾರೆ. ಕೂತವರ ಬೆನ್ನ ಹಿಂದೆ ಏನಿರಬೇಕು ಎಂದು ಒಬ್ಬರೂ ಕೇಳುವುದಿಲ್ಲ. ನನ್ನ ಮಟ್ಟಿಗೆ ಅದೇ ಮೊದಲ ಪ್ರಶ್ನೆ. ಮುಖವನ್ನು ದೇವರು ಮಾಡಿಯೇ ಕಳಿಸಿರುತ್ತಾನೆ, ಅದರಲ್ಲಿ ನಮ್ಮ ಕೈವಾಡ ಅಷ್ಟಕ್ಕಷ್ಟೆ. ಬೆನ್ನ ಹಿಂದಿನದನ್ನು ಮಾಡುವವರು ಮಾತ್ರ ನಾವು. ಮಡಿಕೇರಿಯ ಒಂದೇ ಸ್ಟುಡಿಯೋದಲ್ಲಿ ಮೂವತ್ತೆಂಟು ವರ್ಷ ನಾನು ಮಾಡಿದ್ದು ಅದನ್ನೇ. ಅರಮನೆಯ ಕಂಬ, ಹೂದೋಟ, ಮೆಟ್ಟಿಲು, ಹುಣ್ಣಿಮೆ ಎಲ್ಲವನ್ನೂ ಬರೆದಿದ್ದೇನೆ. ಎಲ್ಲಕ್ಕಿಂತ ಹೆಚ್ಚಾಗಿ ಸಮುದ್ರವನ್ನು ಬರೆದಿದ್ದೇನೆ. ಕೊಡಗಿನಲ್ಲಿ ಸಮುದ್ರವಿಲ್ಲ ಎಂದು ಭೂಗೋಳದ ಪುಸ್ತಕ ಹೇಳಬಹುದು. ನಮ್ಮ ಕಾಲದ ಮನೆಗಳ ಗೋಡೆ ನೋಡಿದವರು ಹಾಗೆ ಹೇಳಲಾರರು.

ನಾನು ಕೆಲಸಕ್ಕೆ ಸೇರಿದಾಗ ಕೊಡಗು ತಾನೇ ಒಂದು ರಾಜ್ಯವಾಗಿತ್ತು. ಮಡಿಕೇರಿಯೇ ರಾಜಧಾನಿ. ಮಂತ್ರಿಗಳು ಪೇಟೆಯಲ್ಲಿ ನಡೆದು ಹೋಗುತ್ತಿದ್ದರೆ ಅಂಗಡಿಯವರು ಮನೆಯವರ ಆರೋಗ್ಯ ವಿಚಾರಿಸುತ್ತಿದ್ದರು. ನಾನು ಆಗ ಎಸ್ಟೇಟುಗಳ ಗೇಟಿಗೆ ಬೋರ್ಡು ಬರೆದುಕೊಂಡು ಓಡಾಡುತ್ತಿದ್ದವನು. 'ಅಪ್ಪಣೆಯಿಲ್ಲದೆ ಒಳಗೆ ಬರಕೂಡದು' ಎಂಬ ನನ್ನದೊಂದು ಬೋರ್ಡನ್ನು ಕಂಡು ಸ್ಟುಡಿಯೋದ ಯಜಮಾನರು ಹೇಳಿ ಕಳಿಸಿದರು. ಅವರ ಹೆಸರು ಗೋವಿಂದನ್, ತಲಶ್ಶೇರಿಯ ಕಡಲ ದಂಡೆಯವರು. ಎಲ್ಲರಂತೆ ನಾನೂ ಅವರನ್ನು ಮುದಲಾಳಿ ಎಂದೇ ಕರೆದೆ.

"ಅಕ್ಷರ ಚೆನ್ನಾಗಿದೆ. ಮುಖಕ್ಕೆ ಕೈ ಹಾಕ್ತೀಯಾ?" ಎಂದು ಕೇಳಿದರು.

"ಹಾಕ್ತೀನಿ," ಎಂದೆ. ಅಲ್ಲಿಯವರೆಗೆ ನಾನು ಬರೆದಿದ್ದ ಒಂದೇ ಮುಖ ಎಂದರೆ ಒಂದು ಸೋಪಿನ ಅಂಗಡಿಯ ಗೋಡೆಯ ಮೇಲಿನ ಹೆಂಗಸಿನದು. ಅವಳಿಗೆ ನನ್ನಿಂದಾಗಿ ಕುತ್ತಿಗೆ ಊದಿ ಗಳಗಂಡ ಬಂದಂತಿತ್ತು ಎಂದು ಪೇಟೆಯವರು ಹೇಳುತ್ತಿದ್ದರು.

ಆಗಿನ ಸ್ಟುಡಿಯೋ ಈಗಿನವರಿಗೆ ಊಹೆಗೂ ಸಿಗಲಾರದು. ಮಾಡಿನ ಒಂದು ಪಾಲಿಗೆ ಗಾಜು ಹೊದಿಸಿತ್ತು; ಆಕಾಶದಿಂದ ಬಿದ್ದ ಬೆಳಕಿನಲ್ಲೇ ಫೋಟೋ ತೆಗೆಯಬೇಕು. ಕೂತವರು ಮೂರು ಎಣಿಸುವವರೆಗೆ ಉಸಿರು ಬಿಗಿಹಿಡಿದು ಅಲ್ಲಾಡದಿರಬೇಕು. ಮಳೆ ಹಿಡಿದರೆ ಮೂರು ನಾಲ್ಕು ತಿಂಗಳು ಆ ಗಾಜಿನ ಮೇಲಿನ ಪಾಚಿಯೊಳಗಿಂದ ತೂರಿ ಬಂದಷ್ಟೇ ಬೆಳಕು. ತೊಳೆದ ಗಾಜಿನ ಪ್ಲೇಟು ಒಣಗುವುದಿಲ್ಲ, ಕಾಗದ ಒಣಗುವುದಿಲ್ಲ, ಹಾಕಿಕೊಂಡ ಅಂಗಿಯೂ ಒಣಗುವುದಿಲ್ಲ.

ನನ್ನ ಮೊದಲ ದೊಡ್ಡ ಎಡವಟ್ಟು ಆ ಒಣಗಿಸುವುದರಲ್ಲೇ ಆಯಿತು. ಸೋಮವಾರಪೇಟೆಯ ಒಬ್ಬ ಏಲಕ್ಕಿ ವ್ಯಾಪಾರಿಯ ಮಗ ಹೊಸ ಹೆಂಡತಿಯೊಂದಿಗೆ ಬಂದು ಫೋಟೋ ತೆಗೆಸಿಕೊಂಡಿದ್ದ. ಬೇಗ ಕೊಡುತ್ತೇನೆ ಎಂದು ಮಾತು ಕೊಟ್ಟು, ಪ್ಲೇಟನ್ನು ಇದ್ದಿಲ ಒಲೆಗೆ ಒಂದು ಗೇಣು ಹತ್ತಿರ ಇಟ್ಟೆ. ಪ್ಲೇಟಿನ ಮೇಲಿನ ಲೇಪ ಕರಗಿತು. ಹೆಂಡತಿ ನೆಟ್ಟಗಿದ್ದಳು, ಮದುಮಗನ ಮೂಗು ಮಾತ್ರ ಮೀಸೆಯ ಕೆಳಗೆ ಇಳಿದಿತ್ತು. ಅವನೊಬ್ಬನನ್ನೇ ಮತ್ತೆ ಕರೆಸಿ, ಹೊಸ ತಲೆ ತೆಗೆದು, ಹಳೆಯ ಮೈಗೆ ಅಂಟಿಸಿ ಕೊಟ್ಟೆ. ಹೆಂಡತಿಗೆ ಗೊತ್ತಾಗಲಿಲ್ಲ ಎಂದು ಅವನೇ ನಗುತ್ತ ಹೇಳಿದ. ಮುದಲಾಳಿ ನನಗೆ ಒಂದು ಮಾತೂ ಬೈಯಲಿಲ್ಲ. ಆ ಕರಗಿದ ಪ್ಲೇಟನ್ನು ನಾನು ಕೂರುವ ಜಾಗದ ಎದುರಿಗೆ ಒಂದು ವರ್ಷ ತೂಗುಹಾಕಿದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಕೆಲಸದ ರೀತಿಯನ್ನು ಹೇಳಬೇಕು, ಮುಂದಿನ ಕಥೆಗೆ ಅದೇ ಆಧಾರ. ಮನೆಯಲ್ಲಿದ್ದ ಸಣ್ಣ ಫೋಟೋವನ್ನು ದೊಡ್ಡದು ಮಾಡಿಸಲು ಬಹಳ ಜನ ಬರುತ್ತಿದ್ದರು. ನಾವು ಮುಖವನ್ನು ದೊಡ್ಡದು ಮಾಡಿ, ಪೆನ್ಸಿಲಿನಲ್ಲಿ ತಿದ್ದಿ, ಹಿಂಬದಿಯನ್ನು ಆಯಿಲ್ ಬಣ್ಣದಲ್ಲಿ ಹೊಸದಾಗಿ ಬರೆಯುತ್ತಿದ್ದೆವು. ಹಾಗೆ ಬಂದವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದ್ದಾರೋ, ಹೋಗಿದ್ದಾರೋ. ಇರುವವರಾದರೆ ಹಿಂದೆ ಪರದೆ, ಪಕ್ಕದಲ್ಲಿ ಹೂದಾನಿ. ಹೋದವರಾದರೆ ಹಿಂದೆ ಮೋಡ, ಎದೆಯಿಂದ ಕೆಳಗೆ ಮಂಜು, ಕೊರಳಿಗೆ ಬಣ್ಣದಲ್ಲೇ ಬರೆದ ಹಾರ. ಎರಡರಲ್ಲಿ ಒಂದನ್ನು ಕೇಳದೆ ಬ್ರಶ್ಶು ಎತ್ತಬಾರದು ಎಂದು ಮುದಲಾಳಿಯ ಕಟ್ಟಪ್ಪಣೆ. ಹಿಂದೊಮ್ಮೆ ಯಾರೋ ಕೇಳದೆ ಬದುಕಿದ್ದ ಶಾನುಭೋಗರೊಬ್ಬರಿಗೆ ಹಾರ ಹಾಕಿಬಿಟ್ಟು ದೊಡ್ಡ ರಾದ್ಧಾಂತವಾಗಿತ್ತಂತೆ.

ಇನ್ನು ಸಮುದ್ರದ ವಿಷಯ. ಸ್ಟುಡಿಯೋದಲ್ಲಿ ಮದ್ರಾಸಿನಿಂದ ತಂದ ಒಂದು ಸಮುದ್ರದ ಪರದೆ ಇತ್ತು. ಗಿರಾಕಿಗಳಿಗೆ ಅದರ ಮೇಲೆ ಎಲ್ಲಿಲ್ಲದ ಮೋಹ. ಕೊಡವರ ರೀತಿಯಲ್ಲಿ ಕುಪ್ಪಸದ ನಿಲುವಂಗಿ ತೊಟ್ಟು, ಸೊಂಟಕ್ಕೆ ಚೇಲೆ ಕಟ್ಟಿ, ಅದಕ್ಕೆ ಪೀಚೆಕತ್ತಿ ಸಿಕ್ಕಿಸಿದ ಮದುಮಗ ಬಂದರೂ "ನಮ್ಗೆ ಕಡಲೇ ಇರ್ಲಿ" ಎನ್ನುತ್ತಿದ್ದ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು, ಮೇಸ್ತ್ರಿ, ನರ್ಸಮ್ಮ, ಎಲ್ಲರಿಗೂ ಕಡಲೇ ಬೇಕು. ಬೆಟ್ಟ ಬೇಕೆಂದು ಕೇಳಿದವರನ್ನು ನಾನು ಕಾಣೆ. ಮನೆಯ ಬಾಗಿಲು ತೆಗೆದರೆ ಬೆಟ್ಟವೇ ಕಾಣುವಾಗ ಅದಕ್ಕೆ ಯಾರು ಸ್ಟುಡಿಯೋಕ್ಕೆ ಬರುತ್ತಾರೆ.

ಎರಡನೆಯ ಮಳೆಗಾಲಕ್ಕೆ ಆ ಪರದೆಗೆ ಬೂಸ್ಟು ಹಿಡಿಯಿತು. ನಡುವಿನ ಪಟ್ಟಿಯಂತೂ ಪೂರ್ತಿ ಕಪ್ಪಾಗಿ ಹೋಯಿತು; ಸದಾ ಯಾರಾದರೂ ಅದಕ್ಕೆ ಅಡ್ಡ ಕೂತಿರುತ್ತಿದ್ದರಿಂದ ಅಲ್ಲಿ ಏನಿತ್ತೆಂದು ನಾನು ಗಮನಿಸಿದ್ದೇ ಇಲ್ಲ. ಕೆಳಗೆ ನಾಲ್ಕು ಅಲೆ, ಮೇಲೆ ಒಂದಿಷ್ಟು ಆಕಾಶ, ಪಕ್ಕದಲ್ಲಿ ಅರ್ಧ ಹಡಗು ಉಳಿದವು. ಮಳೆಗಾಲದಲ್ಲಿ ವ್ಯಾಪಾರವಿಲ್ಲವೆಂದು ಮುದಲಾಳಿ ಊರಿಗೆ ಹೊರಟವರು ನನ್ನನ್ನು ಕರೆದರು.

"ಸೋಮಯ್ಯ, ನಾನು ಬರೋದ್ರೊಳಗೆ ಹೊಸ ಕಡಲು ಆಗ್ಬೇಕು. ಹಳೇದು ನೋಡ್ಕೊಂಡು ಮಾಡ್ಬೇಡ, ಅದ್ರಲ್ಲಿ ಈಗ ಏನೂ ಇಲ್ಲ. ನೀನೇ ಮನಸ್ಸಿಂದ ಬರಿ."

ನಾನು ಕಡಲು ಕಂಡಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಇಪ್ಪತ್ತೆರಡರ ಸೊಕ್ಕು ಅದು. ಹೊಸಬರಿಗೆ ನಾನು ಹೇಳುವುದಿಷ್ಟೆ: ಕಾಣದ್ದನ್ನು ಕಂಡಿಲ್ಲ ಎಂದು ಒಪ್ಪಿಕೊಂಡರೆ ಒಂದು ಗಳಿಗೆ ಮುಖ ಸಣ್ಣದಾಗುತ್ತದೆ, ಒಪ್ಪಿಕೊಳ್ಳದಿದ್ದರೆ ಒಂದು ವರ್ಷ ಅಲೆಯಬೇಕಾಗುತ್ತದೆ. ನಾನು ಅಲೆದೆ.

ಕೋರಾ ಬಟ್ಟೆಯನ್ನು ಚೌಕಟ್ಟಿಗೆ ಬಿಗಿದು, ಸರೇಸಿನ ಅಂಟು ಕಾಸಿ ಬಳಿದು, ಸೀಮೆಸುಣ್ಣದ ಪುಡಿ ಹಚ್ಚಿ ಹದ ಮಾಡಿದೆ. ಕಾವೇರಿಗೆ ನೆರೆ ಬಂದಾಗ ನೋಡಿದ್ದೆನಲ್ಲ, ಅದನ್ನೇ ನೆನೆದುಕೊಂಡು ನೀಲಿ ಕಲಸಿದೆ. ಅಲೆ ಬಂತು, ನೊರೆ ಬಂತು, ಬೆಂಕಿಪೊಟ್ಟಣದ ಚಿತ್ರ ನೋಡಿ ಬರೆದ ಹಡಗೂ ಬಂತು. ಆಮೇಲೆ, ಯಾರೂ ಹೇಳಿಕೊಡದೆ, ಯಾವ ಅನುಮಾನವೂ ಇಲ್ಲದೆ, ಹಡಗಿನ ಹಿಂದೆ ಆಚೆ ದಡವನ್ನು ಬರೆದೆ. ತೆಳ್ಳಗೆ ಹಸಿರು, ಅಲ್ಲಲ್ಲಿ ತೆಂಗಿನ ಮರ, ಅದರ ಹಿಂದೆ ನೀಲಿ ಬೆಟ್ಟದ ಸಾಲು. ಸರಿಯಾಗಿ ನೋಡಿದರೆ ಅದು ನಮ್ಮ ಗಾಳಿಬೀಡಿನ ಎದುರಿನ ಬೆಟ್ಟವೇ. ನೀರು ಎಂದಮೇಲೆ ಅದನ್ನು ಹಿಡಿದಿಡಲು ಎರಡು ಕಡೆಯೂ ದಡ ಬೇಕು, ಇಲ್ಲವಾದರೆ ಅದು ಇಳಿದು ಹೋಗುತ್ತದೆ. ಬೆಟ್ಟದಲ್ಲಿ ಹುಟ್ಟಿದವನಿಗೆ ಇದರಲ್ಲಿ ಕೇಳುವುದೇನಿದೆ.

ಪರದೆ ನನ್ನ ಕಣ್ಣಿಗೆ ಬಹಳ ಚೆನ್ನಾಗಿ ಬಂದಿತ್ತು. ಜನ ಮೆಚ್ಚಿದರು. ಒಂದು ದಿನ ಮೊಮ್ಮಕ್ಕಳ ಜೊತೆ ಬಂದ ಕೊಡವ ಅಜ್ಜಿಯೊಬ್ಬರು ಅದರ ಮುಂದೆ ಬಂದವರೇ ಚಪ್ಪಲಿ ಬಿಟ್ಟು, ಬರೆದ ನೀರನ್ನು ಬೆರಳ ತುದಿಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಕಾವೇರಮ್ಮ ಕೊನೆಗೆ ಬಂದು ಸೇರೋದು ಇಲ್ಲಿಗೇ ಅಲ್ವಾ ಮಗ?" ಎಂದು ನನ್ನನ್ನು ಕೇಳಿದರು.

"ಇಲ್ಲಿಗೇ ಅಜ್ಜಿ," ಎಂದೆ.

"ಜಾಗ ಚೆನ್ನಾಗುಂಟು. ಸುಖವಾಗಿದ್ದಾಳೆ," ಎಂದು ಸಮಾಧಾನದಿಂದ ಕುರ್ಚಿಯಲ್ಲಿ ಕೂತರು. ಮೂರು ಎಣಿಸುವುದೇನು, ಮೂವತ್ತು ಎಣಿಸಿದರೂ ಅಲ್ಲಾಡುತ್ತಿರಲಿಲ್ಲ ಅವರು. ನನ್ನ ಸೊಕ್ಕು ಇನ್ನೂ ಒಂದು ಮೊಳ ಬೆಳೆಯಿತು.

ಮುದಲಾಳಿ ಇನ್ನೂ ತಲಶ್ಶೇರಿಯಲ್ಲಿದ್ದಾಗಲೇ ನಂಜಮ್ಮ ಬಂದದ್ದು. ಶಿರಂಗಾಲದವರು, ಅವರ ಗಂಡನ ಮನೆಯವರು ಹಿಂದೆ ಹಾಸನದ ಕಡೆಯಿಂದ ಬಂದು ಹೊಳೆಯಂಚಿಗೆ ಜಮೀನು ಮಾಡಿಕೊಂಡಿದ್ದ ಒಕ್ಕಲಿಗರು. ಜೊತೆಗೆ ಮಗಳು ಜಯಮ್ಮ, ಹದಿನೇಳೋ ಹದಿನೆಂಟೋ ಇರಬೇಕು. ತಾಯಿ ಸೆರಗಿನ ಗಂಟು ಬಿಚ್ಚಿ ಕಾರ್ಡಿನಷ್ಟಗಲದ ಒಂದು ಸಣ್ಣ ಫೋಟೋ ತೆಗೆದು ಮೇಜಿನ ಮೇಲಿಟ್ಟರು. ಸಿಪಾಯಿ ಉಡುಪಿನ ಒಬ್ಬ ಗಂಡಸು, ನಗು ತಡೆದುಕೊಂಡು ನಿಂತಿದ್ದಾನೆ. ಗಂಡ ಚಿಕ್ಕೇಗೌಡ, ಯುದ್ಧದ ಕಾಲದಲ್ಲಿ ಲಾರಿ ಡ್ರೈವರಾಗಿ ಸೈನ್ಯ ಸೇರಿದವರು. ಮಗಳಿಗೆ ಗಂಡು ಗೊತ್ತಾಗಿದೆ, ಮದುವೆಗೆ ಮೊದಲು ಮನೆಯಲ್ಲಿ ಅವರದ್ದೊಂದು ದೊಡ್ಡ ಫೋಟೋ ಇರಬೇಕು ಎಂದರು.

ನಾನು ಕಟ್ಟಪ್ಪಣೆಯಂತೆ ಕೇಳಿದೆ: "ಇದ್ದಾರಾ ಅಮ್ಮ, ಹೋಗಿದ್ದಾರಾ?"

"ಯಾಕಪ್ಪ?"

"ಇದ್ರೆ ಹಿಂದೆ ಪರದೆ ಬರೀತೀವಿ. ಹೋಗಿದ್ರೆ ಮೋಡ, ಹಾರ."

ನಂಜಮ್ಮ ಮಗಳ ಕಡೆ ಒಮ್ಮೆ ನೋಡಿ ನಿಧಾನಕ್ಕೆ ಹೇಳಿದರು: "ಹಡಗು ಹತ್ತಿ ಹೋದ್ರು. ಹಡಗು ಮುಳುಗ್ತು ಅಂತ ಕಾಗದ ಬಂತು. ಇವರು ಸಿಕ್ಕಿಲ್ಲ ಅಂತ ಅದ್ರಲ್ಲಿ ಬರ್ದಿತ್ತು. ಸತ್ರು ಅಂತ ಬರ್ದಿರ್ಲಿಲ್ಲ. ಈಗ ನಾನು ಎರಡ್ರಲ್ಲಿ ಯಾವುದು ಅನ್ನಾನ, ನೀವೇ ಹೇಳಿ."

ಅವರ ಹಣೆಯಲ್ಲಿ ಕುಂಕುಮವಿತ್ತು, ಕೈತುಂಬ ಬಳೆಯಿತ್ತು. ಅವರು ತಿರುಗಿ ನನ್ನ ಹೊಸ ಪರದೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು.

"ಇದೇನಾ ಸಮುದ್ರ?"

"ಇದೇ."

"ಹಂಗಾರೆ ಅವರ ಹಿಂದೆ ಇದನ್ನೇ ಬರೀರಿ. ಮೋಡಾನೂ ಬ್ಯಾಡ, ಪರದೇನೂ ಬ್ಯಾಡ. ಅವರಿರಾದು ಇಲ್ಲೇ."

ಮಗಳು ಹತ್ತಿರ ಹೋಗಿ ತೋರಿಸಿ ಕೇಳಿದಳು: "ಸಾರ್, ಅಲ್ಲಿ ಕಾಣ್ತಿರೋದು ಏನು?"

"ಆಚೆ ದಡ," ಎಂದೆ ಎದೆಯುಬ್ಬಿಸಿ.

ಮಗಳು ತಾಯಿಯ ಮುಖ ನೋಡಿದಳು, ತಾಯಿ ಮಗಳ ಮುಖ ನೋಡಿದರು, ಇಬ್ಬರೂ ಏನೂ ಮಾತಾಡಲಿಲ್ಲ. ನನ್ನ ಕೆಲಸ ಕಂಡು ಮಾತು ಹೊರಡಲಿಲ್ಲ ಎಂದು ತಿಳಿದುಕೊಂಡೆ. ಹದಿನೈದು ದಿನದಲ್ಲಿ ಚಿತ್ರ ಮುಗಿಸಿ ಕೊಟ್ಟೆ. ಚಿಕ್ಕೇಗೌಡರು ದಂಡೆಯಲ್ಲಿ ನಿಂತಿದ್ದರು, ಹಿಂದೆ ಸಮುದ್ರ, ಅದರಾಚೆ ಅವರ ಭುಜದ ಎರಡೂ ಬದಿಗೆ ಹಸಿರು ದಡ.

ಮುದಲಾಳಿ ವಾಪಸು ಬಂದು, ಕೊಡೆ ಮಡಿಚಿಟ್ಟು, ಪರದೆಯ ಎದುರು ನಿಂತರು.

"ಸೋಮಯ್ಯ, ಇದು ಯಾವ ಹೊಳೆ?"

"ಹೊಳೆ ಅಲ್ಲ ಮುದಲಾಳಿ, ಕಡಲು."

"ಆ ಕಡೆ ಏನದು?"

"ದಡ."

"ಓಹೋ. ಅದು ಯಾರ ಊರು?"

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. ದಡವಿಲ್ಲದಿದ್ದರೆ ಅಷ್ಟು ನೀರು ಹೇಗೆ ನಿಲ್ಲುತ್ತದೆ ಎಂದು ವಾದಕ್ಕೇ ಇಳಿದೆ. ಮುದಲಾಳಿ ಕುರ್ಚಿ ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಈ ಕಡಲು ಬೇರೆ ಎಲ್ಲಾದ್ರೂ ಹೋಗಿದ್ಯಾ?" ಎಂದು ಕೇಳಿದರು. ಶಿರಂಗಾಲದ ಚಿತ್ರದ ಸಂಗತಿ ಹೇಳಿದೆ. ಅವರ ಮುಖ ಗಂಭೀರವಾಯಿತು.

"ನಾಳೆ ಬೆಳಗ್ಗೆ ಬಸ್ಸು ಹತ್ತು. ನಮ್ಮೂರಿಗೆ ಹೋಗಿ ಕಡಲು ನೋಡ್ಕೊಂಡು ಬಾ. ಬಂದು ಮೊದಲು ಆ ಅಮ್ಮನ ಚಿತ್ರ ಸರಿ ಮಾಡು. ನಮ್ಮ ಪರದೆ ಆಮೇಲೆ."

ವಿರಾಜಪೇಟೆ ದಾಟಿ, ಘಾಟಿ ಇಳಿದು, ಎರಡು ಬಸ್ಸು ಬದಲಾಯಿಸಿ ಮಧ್ಯಾಹ್ನ ತಲಶ್ಶೇರಿ ಮುಟ್ಟಿದೆ. ಮನೆಗಳ ಸಂದಿನಲ್ಲಿ ನಡೆದು ಹೋಗುತ್ತಿದ್ದವನಿಗೆ ಒಮ್ಮೆಲೇ ಎದುರಿಗೆ ಏನೂ ಇಲ್ಲದಂತಾಯಿತು. ಬೆಟ್ಟದವನ ಕಣ್ಣಿಗೆ ಸದಾ ಎಲ್ಲಾದರೂ ತಡೆ ಸಿಗುತ್ತದೆ. ಅಲ್ಲಿ ಸಿಗಲಿಲ್ಲ. ನಾನು ಕಣ್ಣು ಕಿರಿದು ಮಾಡಿ ದಡ ಹುಡುಕಿದೆ. ಮೋಡದಿಂದ ಕಾಣುತ್ತಿಲ್ಲವೇನೋ ಎಂದು ಸ್ವಲ್ಪ ಹೊತ್ತು ಕಾದೆ. ಮರಳಿನ ಮೇಲೆ ಮೀನು ಹರವುತ್ತಿದ್ದ ಹೆಂಗಸೊಬ್ಬಳು ಏನು ಹುಡುಕುತ್ತಿದ್ದೀಯ ಎಂದು ಕೇಳಿದಳು. ನನ್ನ ಹರಕು ಮಲಯಾಳದಲ್ಲಿ, ಆ ಕಡೆಯ ದಂಡೆ ಎಲ್ಲಿ ಎಂದೆ. ಅವಳು ನಗಲಿಲ್ಲ. ನೋಡಿ ಬಂದವರು ಯಾರಾದರೂ ಸಿಕ್ಕಿದರೆ ತನಗೂ ಹೇಳು ಎಂದು ಮತ್ತೆ ಮೀನಿಗೆ ಬಗ್ಗಿದಳು.

ನನಗೆ ಹೆದರಿಕೆಯಾಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ನೀರು ಮಲಗಿರಲಿಲ್ಲ, ಎದ್ದು ನಿಂತಂತಿತ್ತು. ಚಿಕ್ಕೇಗೌಡರು ಬಿದ್ದದ್ದು ಇದರೊಳಗೆ ಎಂದು ಆಗ ಹೊಳೆಯಿತು. ಮರಳಿನ ಮೇಲೆ ಕೂತು ಅತ್ತುಬಿಟ್ಟೆ. ಯಾವ ಈಜುಗಾರನೂ ಮುಟ್ಟಲಾರದ ಜಾಗದಲ್ಲಿ ನಾನು ತೆಂಗಿನ ಮರ ಬರೆದು, ಒಬ್ಬ ಹೆಂಗಸಿನ ಕೈಗೆ ಕೊಟ್ಟು, ಎದೆಯುಬ್ಬಿಸಿ ನಿಂತಿದ್ದೆ.

ಕೆಲಸದ ಪಾಠವೂ ಅಲ್ಲೇ ಸಿಕ್ಕಿತು. ಕೂತು ನೋಡಿದರೆ ನೀರಿನ ಗೆರೆ ನಮ್ಮ ಕಣ್ಣಿನ ಎತ್ತರಕ್ಕೇ ಇರುತ್ತದೆ, ಎದ್ದು ನಿಂತರೆ ಅದೂ ಜೊತೆಗೇ ಏಳುತ್ತದೆ. ಹಾಗಾಗಿ ಪರದೆಯ ಗೆರೆಯನ್ನು ಕ್ಯಾಮೆರಾದ ಕಣ್ಣಿನ ಮಟ್ಟಕ್ಕೆ ಬರೆಯಬೇಕು, ಮತ್ತು ಕೂತವರ ಕುತ್ತಿಗೆಯ ಮೇಲೆ ಅದು ಹಾಯದಂತೆ ಕುರ್ಚಿಯ ಎತ್ತರ ನೋಡಿಕೊಳ್ಳಬೇಕು. ಹಾಯ್ದರೆ ತಲೆ ಬೇರೆ ಮೈ ಬೇರೆ ಆದಂತೆ ಕಾಣುತ್ತದೆ. ನೀಲಿಯೂ ನಾವು ತಿಳಿದಷ್ಟು ಇರುವುದಿಲ್ಲ. ಬೂದಿ ಬಣ್ಣ ಧಾರಾಳವಾಗಿ ಕಲಸಬೇಕು. ಇವನ್ನು ನಾನು ಯಾವ ಪುಸ್ತಕದಲ್ಲೂ ಓದಿದ್ದಲ್ಲ.

ಮಡಿಕೇರಿಗೆ ಬಂದವನೇ ಬಣ್ಣದ ಪೆಟ್ಟಿಗೆ ಹೊತ್ತು ಶಿರಂಗಾಲದ ಬಸ್ಸು ಹಿಡಿದೆ. ಅಲ್ಲಿ ಕಾವೇರಿಯೇ ಗಡಿ. ಈ ದಡ ಕೊಡಗು ರಾಜ್ಯ, ಆಚೆ ದಡ ಮೈಸೂರು ರಾಜ್ಯ. ನಂಜಮ್ಮನ ತವರು ಆಚೆ ದಡದಲ್ಲಿ, ಹರಿಗೋಲಿನಲ್ಲಿ ದಾಟಿದರೆ ಕಾಣುವ ಮೊದಲ ಕೇರಿ. ಮನೆಯಲ್ಲಿ ಅವರೊಬ್ಬರೇ ಇದ್ದರು, ಜಗುಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಪೀಠಿಕೆ ಹಾಕದೆ ಹೇಳಿದೆ: "ಅಮ್ಮ, ನನ್ನಿಂದ ತಪ್ಪಾಗಿದೆ. ನಾನು ಸಮುದ್ರ ಕಂಡಿರಲಿಲ್ಲ. ಅದಕ್ಕೆ ಆಚೆ ದಡ ಕಾಣಲ್ಲ. ಚಿತ್ರ ತನ್ನಿ, ಅಳಿಸಿ ಕೊಡ್ತೀನಿ."

ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಕಣಪ್ಪ," ಎಂದರು. "ಅವರ ಜೊತೆ ಇದ್ದು ಬದುಕಿ ಬಂದ ಒಬ್ರು ಮನೆಗೆ ಬಂದಿದ್ರು. ಹಗಲೆಲ್ಲ ನೋಡಿದ್ರೂ ನೀರೇ, ಯಾವ ಕಡೆನೂ ನೆಲ ಇರ್ಲಿಲ್ಲ ಅಂದ್ರು. ನೀವು ದಡ ಅಂದ ದಿನಾನೇ ತಪ್ಪು ಅಂತ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ಜಯ ಪಕ್ಕದಲ್ಲಿದ್ಲಲ್ಲ. ಅವರು ಹೋದಾಗ ಆರು ವರ್ಷದ ಕೂಸು. ಅಪ್ಪ ಎಲ್ಲವ್ವ ಅಂದ್ರೆ, ಆಚೆ ದಡದಲ್ಲವ್ರೆ ಅಂತಿದ್ದೆ. ನಮ್ಮಲ್ಲಿ ಹೊಳೆ ದಾಟಿ ಹೋದೋರೆಲ್ಲ ಸಂಜೆಗೆ ಬತ್ತಾರಲ್ಲ, ನಂಬ್ತಿದ್ಲು. ಈಗಲೂ ಆ ಚಿತ್ರದ ದಡಾನೇ ನೋಡ್ತಾ ನಿಲ್ತಾಳೆ." ಕೈಯಲ್ಲಿದ್ದ ಸಿಪ್ಪೆಯನ್ನು ಬುಟ್ಟಿಗೆ ಹಾಕಿ ನನ್ನನ್ನು ನೇರವಾಗಿ ನೋಡಿದರು. "ಇನ್ನೊಂದು ಮಾತು. ಅವರು ಹೋದ್ರು ಅಂತ ಆಗಿಬಿಟ್ರೆ, ಮಗಳ ಮದುವೇಲಿ ನಾನು ಹಿತ್ತಲಲ್ಲಿ ಕೂರ್ಬೇಕು. ಅವಳಿಗೆ ಅರಿಶಿನ ಹಚ್ಚಾದು, ಆರತಿ ಎತ್ತಾದು ಬೇರೆಯೋರು ಮಾಡ್ತಾರೆ. ಒಬ್ಳೇ ಸಾಕಿದೀನಿ ಅಣ್ಣ ಅವಳನ್ನ. ಅದೊಂದು ನನ್ನ ಕೈಯಲ್ಲೇ ಆಗ್ಲಿ. ಮದುವೆ ಮುಗೀಲಿ, ನಾನೇ ಹೇಳಿ ಕಳಿಸ್ತೀನಿ. ಆಗ ಬಂದು ಅಳಿಸಿ."

ಆ ಶಾಸ್ತ್ರ ನನಗೆ ಆಗಲೂ ಹಿಡಿಸುತ್ತಿರಲಿಲ್ಲ, ಈಗಲೂ ಹಿಡಿಸುವುದಿಲ್ಲ. ಹೆತ್ತವಳ ಕೈಗಿಂತ ಮಂಗಳವಾದ ಕೈ ಯಾವುದು. ಆದರೆ ಅದನ್ನು ಬದಲಾಯಿಸುವ ಶಕ್ತಿ ನನ್ನ ಬಳಿ ಇರಲಿಲ್ಲ. ಒಂದು ದಡವನ್ನು ಅಳಿಸದೆ ಬಿಡುವ ಶಕ್ತಿ ಇತ್ತು. ಪೆಟ್ಟಿಗೆಯನ್ನು ತೆರೆಯದೆ ವಾಪಸು ಬಂದೆ.

ಸ್ಟುಡಿಯೋದಿಂದ ತಪ್ಪು ಕೆಲಸ ಹೊರಗೆ ಹೋದರೆ ಮುದಲಾಳಿ ಊಟ ಬಿಡುವವರು. ನಡೆದದ್ದನ್ನು ಹೇಳಿದಾಗ ಕ್ಯಾಮೆರಾದ ಗಾಜನ್ನು ಎರಡೆರಡು ಸಲ ಒರೆಸಿದರು. "ಇರ್ಲಿ ಬಿಡು. ಆ ಮದುವೆವರೆಗೆ ಕಡಲಿಗೆ ಆಚೆ ದಡ ಉಂಟು," ಎಂದರು. ಮೇಲಿನವರು ಹೀಗೆ ಒಂದು ಸಲ ತಮ್ಮ ನಿಯಮ ಬಿಟ್ಟುಕೊಟ್ಟರೆ ಕೈಕೆಳಗಿನವನು ಜನ್ಮಪೂರ್ತಿ ಅವರಿಗಾಗಿ ದುಡಿಯುತ್ತಾನೆ. ನಾನು ದುಡಿದೆ.

ಚಳಿಗಾಲ ಕಳೆಯುವ ಹೊತ್ತಿಗೆ, ಮದುವೆಯ ಸೀರೆ ತೆಗೆಯಲು ಚಿಕ್ಕಮ್ಮನ ಜೊತೆ ಮಡಿಕೇರಿಗೆ ಬಂದಿದ್ದ ಜಯಮ್ಮ ಸ್ಟುಡಿಯೋದ ಬಾಗಿಲಲ್ಲಿ ಕಾಣಿಸಿಕೊಂಡಳು. ಚಿಕ್ಕಮ್ಮ ಎದುರಿನ ಬಳೆ ಅಂಗಡಿಯಲ್ಲಿದ್ದರು. ಹುಡುಗಿ ಒಳಗೆ ಬಂದು ತಗ್ಗಿದ ದನಿಯಲ್ಲಿ ಮಾತಾಡಿದಳು.

"ಸಾರ್, ನೀವು ನಮ್ಮನೆಗೆ ಬಣ್ಣದ ಪೆಟ್ಟಿಗೆ ತಗೊಂಡು ಬಂದಿದ್ರಂತೆ. ಪಕ್ಕದ ಮನೆಯೋರು ಅಂದ್ರು. ಆ ದಡ ಅಳಿಸ್ಬೇಡಿ."

"ಯಾಕಮ್ಮ?"

"ಅದು ತಪ್ಪು ಅಂತ ನಂಗೊತ್ತು. ಸ್ಕೂಲಲ್ಲಿ ಮೇಷ್ಟ್ರು ಹೇಳಿದ್ರು, ಸಮುದ್ರಕ್ಕೆ ಆಚೆ ದಡ ಕಾಣಲ್ಲ ಅಂತ. ಆವತ್ತು ಮನೆಗೆ ಬಂದು ದನದ ಕೊಟ್ಟಿಗೇಲಿ ಕೂತು ಅತ್ತಿದ್ದೆ. ಅವ್ವಂಗೆ ಹೇಳಿಲ್ಲ. ಅಪ್ಪ ಬತ್ತಾರೆ ಅಂತಾನೇ ಅವ್ವ ದಿನ ತಳ್ತಾವ್ಳೆ. ದಿನಾ ಬೆಳಗ್ಗೆ ಆ ಚಿತ್ರದ ದಡ ನೋಡ್ತಾಳೆ. ಅದನ್ನ ಅಳಿಸಿದ್ರೆ ಅವಳು ಬದುಕಲ್ಲ ಸಾರ್. ನಾನೂ ಇನ್ನು ಆ ಮನೇಲಿ ಇರಲ್ಲ."

ನಿನ್ನ ಅವ್ವನಿಗೂ ಗೊತ್ತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ತಾಯಿಗೆ ಕೊಟ್ಟ ಮಾತು ಮುರಿಯುತ್ತದೆ, ಮದುವೆಯ ಹೊಸ್ತಿಲಲ್ಲಿ ಅವರ ಆಸೆಯೂ ಮುರಿಯುತ್ತದೆ. "ಅಳಿಸಲ್ಲ, ಹೋಗು," ಎಂದೆ. ಆ ದಿನವೆಲ್ಲ ನನಗೆ ಕೆಲಸ ಕೈಗೆ ಹತ್ತಲಿಲ್ಲ.

ಮದುವೆಯ ಫೋಟೋ ತೆಗೆಯಲು ನಾನೇ ಹೋದೆ. ಚಿಕ್ಕೇಗೌಡರ ತಮ್ಮನೂ ಅವನ ಹೆಂಡತಿಯೂ ಧಾರೆ ಎರೆದರು. ಅದೊಂದನ್ನು ಬಿಟ್ಟು ಉಳಿದ ಎಲ್ಲದಕ್ಕೂ ನಂಜಮ್ಮನೇ ಮುಂದೆ. ಅರಿಶಿನ ಹಚ್ಚಿದರು, ಬಾಸಿಂಗ ಸರಿಮಾಡಿದರು, ಆರತಿ ಎತ್ತಿದರು. ಯಾರೋ ಇಬ್ಬರು ಹೆಂಗಸರು ಮೂಲೆಯಲ್ಲಿ ಮೂಗು ಮುರಿದದ್ದು ನನ್ನ ಕಣ್ಣಿಗೆ ಬಿತ್ತು. ನಾನು ಬೇಕೆಂದೇ ಅವರಿಬ್ಬರನ್ನು ಗ್ರೂಪ್ ಫೋಟೋದಲ್ಲಿ ಕೊನೆಯ ಸಾಲಿಗೆ ಹಾಕಿದೆ. ಮೊದಲ ಸಾಲಿನಲ್ಲಿ ನಂಜಮ್ಮ ಚಿಕ್ಕೇಗೌಡರ ಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ನನ್ನ ಕೈಯಲ್ಲಿ ಆದ ಮದುವೆ ಫೋಟೋಗಳಲ್ಲಿ ಅಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ.

ಆಷಾಢದಲ್ಲಿ ಹೇಳಿ ಕಳಿಸಿದರು. ಮಳೆಯಲ್ಲಿ ನೆನೆದುಕೊಂಡು ಹೋದೆ. ಹೊಸ ಮದುಮಗಳು ಆಷಾಢಕ್ಕೆಂದು ತವರಿಗೆ ಬಂದಿದ್ದಳು; ಅವಳಿರುವುದನ್ನು ನಾನು ನಿರೀಕ್ಷಿಸಿರಲಿಲ್ಲ. ನನ್ನ ಪೆಟ್ಟಿಗೆ ಕಂಡ ಕೂಡಲೆ ಅವಳ ಮುಖ ಕೆಂಪಾಯಿತು.

"ಜಯ, ನೀನು ಒಳಗೆ ಹೋಗಿ ಕಾಫಿ ಇಡು," ಎಂದರು ನಂಜಮ್ಮ.

"ನಾನ್ಯಾಕೆ ಹೋಗ್ಲಿ. ಸಾರ್, ನೀವು ಅಳಿಸಲ್ಲ ಅಂತ ಮಾತು ಕೊಟ್ಟಿದ್ರಿ."

ನಂಜಮ್ಮ ಬೆರಗಾಗಿ ನನ್ನನ್ನು ನೋಡಿದರು. ಸುತ್ತಿ ಬಳಸಿ ಮಾತಾಡುವುದು ನನಗೆ ಯಾವತ್ತೂ ಬಂದದ್ದಿಲ್ಲ. "ನೀವಿಬ್ಬರೂ ನನ್ನ ಹತ್ತಿರ ಒಂದೇ ಮಾತು ಹೇಳಿದ್ದೀರಿ," ಎಂದೆ. "ಇವಳಿಗಾಗಿ ಇರಲಿ ಅಂತ ನೀವು ಅಂದ್ರಿ. ನಿಮಗಾಗಿ ಇರಲಿ ಅಂತ ಇವಳಂದಳು. ದಡ ಇಲ್ಲ ಅಂತ ಇಬ್ಬರಿಗೂ ಗೊತ್ತು. ನನಗೊಬ್ಬನಿಗೇ ಗೊತ್ತಿರಲಿಲ್ಲ."

ನಂಜಮ್ಮ ಮಗಳ ಕಡೆ ತಿರುಗಿ ಕೇಳಿದರು: "ಯಾವಾಗಿಂದ ಗೊತ್ತೇ ನಿಂಗೆ?"

"ನಾಲ್ಕನೇ ಕ್ಲಾಸಿಂದ."

"ಅಷ್ಟು ವರ್ಷದಿಂದ ಒಬ್ಳೇ ಇಟ್ಕೊಂಡಿದ್ಯಾ," ಎಂದವರೇ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡರು. ಇಬ್ಬರೂ ಜೋರಾಗಿ ಅತ್ತರು. ನಾನು ಜಗುಲಿಯ ತುದಿಗೆ ಹೋಗಿ ಹೊಳೆಯ ಕಡೆ ಮುಖ ಮಾಡಿ ನಿಂತೆ. ಆ ಮನೆಯಲ್ಲಿ ಹನ್ನೆರಡು ವರ್ಷದಿಂದ ತಡೆದು ಹಿಡಿದ ಅಳು ಅದು, ನಾನು ಕೇಳಿಸಿಕೊಳ್ಳುವಂಥದ್ದಲ್ಲ.

ಸ್ವಲ್ಪ ಹೊತ್ತಿನ ಮೇಲೆ ನಂಜಮ್ಮ ಚಿತ್ರವನ್ನು ತಾವೇ ಗೋಡೆಯಿಂದ ಇಳಿಸಿ ತಂದು ನನ್ನ ಮುಂದಿಟ್ಟರು. ಗಾಜು ಬಿಚ್ಚಿದೆ. ಬಿಳಿಗೆ ಬೂದಿ ಬಣ್ಣ ಕಲಸಿ, ಸ್ವಲ್ಪವೇ ನೀಲಿ ಬೆರೆಸಿ, ಎಡಗಡೆಯಿಂದ ಶುರುಮಾಡಿದೆ. ಮೊದಲು ಬೆಟ್ಟ ಹೋಯಿತು, ಆಮೇಲೆ ತೆಂಗಿನ ಮರಗಳು, ಆಮೇಲೆ ಹಸಿರು. ತಾಯಿ ಮಗಳು ನನ್ನ ಎರಡು ಬದಿಗೆ ಕೂತು ನೋಡುತ್ತಿದ್ದರು. ಮುಗಿಯಿತೆಂದು ಬ್ರಶ್ಶು ಒರೆಸುತ್ತಿದ್ದೆ. ನಂಜಮ್ಮ ಬಗ್ಗಿ ಬೆರಳು ತೋರಿಸಿದರು.

"ಅವರ ಭುಜದ ಹತ್ರ ಒಂಚೂರು ಉಳಿದದೆ ನೋಡಿ."

ಅದನ್ನೂ ತೆಗೆದೆ.

"ಅವ್ವ," ಎಂದಳು ಜಯಮ್ಮ, "ಅಪ್ಪಂಗೆ ಏನು ಇಷ್ಟ ಇತ್ತು ಉಣ್ಣಕ್ಕೆ?"

"ಹುರುಳಿಕಾಳು ಬಸ್ಸಾರು. ಮುದ್ದೆ ಬಿಸಿಯಾಗಿರ್ಬೇಕು, ಆರಿದ್ರೆ ಮುಟ್ತಿರ್ಲಿಲ್ಲ." ನಂಜಮ್ಮ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು. "ನಾಳೆ ಎಡೆ ಇಡ್ತೀವಿ ಅಣ್ಣ. ನೀವೂ ಇದ್ದು ಉಂಡ್ಕೊಂಡು ಹೋಗಿ."

ಉಳಿದೆ. ಮಾರನೆಯ ದಿನ ಮಧ್ಯಾಹ್ನ ಚಿತ್ರದ ಬಣ್ಣ ಇನ್ನೂ ಹಸಿಯಿತ್ತು, ಆ ಮಳೆಯಲ್ಲಿ ಅದು ಒಣಗುವುದು ಹೇಗೆ. ಅದರ ಮುಂದೆ ಬಾಳೆಲೆ ಹಾಕಿದರು. ಜಯಮ್ಮ ಒಲೆಯಿಂದ ಇಳಿಸಿದ ಮುದ್ದೆಯನ್ನು ಆರಗೊಡದೆ ಓಡಿಬಂದು ಎಲೆಯ ಮೇಲಿಟ್ಟು, ಸಾರು ಬಿಟ್ಟಳು. ಹೀಗೆ ಆ ಹುಡುಗಿ ತಂದೆಗೆ ಮೊದಲ ಸಲ ಊಟ ಬಡಿಸಿದಳು.